ವೈನಿಯ ಕೆಂಪು ಗಲ್ಲ

ಮೊಮ್ಮಗಳ ಬೆವರುಸಾಲೆಗೆಂದು ಮಗಳು ತಂದಿಟ್ಟ ಕ್ಯಾಲಮೈನ್ ಶೀಶೆಯ ಮುಚ್ಚಳ ತೆಗೆದೆ. ಸೀಮೆಸುಣ್ಣವನ್ನು ನೀರಿನಲ್ಲಿ ಕದಡಿದಂಥ ಆ ವಾಸನೆ… ವಡಗಾವಿಯ ನಮ್ಮ ಓಣಿಯಲ್ಲಿದ್ದ ಬಾಜೂ ಮನೆ ವೈನಿ ಬಂದು ಎದುರಿಗೆ ನಿಂತಂತಾಯಿತು. ಆಕೆಯ ಕೆನ್ನೆಗೆ ಸದಾ ಇದೇ ಲೇಪ.

ಎರಡು ಸಾವಿರದ ಇಸವಿಯ ಆಸುಪಾಸು. ಓಣಿಯ ತುಂಬ ಮಗ್ಗದ ಸದ್ದು. ಆಕೆ ಖಾನಾಪುರದ ಹೆಣ್ಣು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಗಂಡ ಮಗ್ಗದ ಕಾರ್ಖಾನೆಯಲ್ಲಿ ಮೇಸ್ತ್ರಿ. ನನಗಿಂತ ಚಿಕ್ಕವಳಾದರೂ ಓಣಿಯ ರೂಢಿಯಂತೆ ನನಗೂ ಆಕೆ ವೈನಿಯೇ, ಅತ್ತಿಗೆಯೇ. ಸಣ್ಣ ಮೂಗು, ಅದರ ಎರಡೂ ಬದಿಗೆ ಗಲ್ಲದ ತುಂಬ ಹರಡಿದ ಕೆಂಪು. ಆ ಕೆಂಪನ್ನು ನಾವೆಲ್ಲ ಸುಖದ ಬಣ್ಣವೆಂದೇ ತಿಳಿದಿದ್ದೆವು. ತಿಳಿಯದೆ ಇನ್ನೇನು? ಕಾಯಿಪಲ್ಲೆಗೆ ಹೊರಟರೆ ಗಂಡ ಆಕೆಯ ತಲೆಯ ಮೇಲೆ ಕೊಡೆ ಹಿಡಿದು ನಡೆಯುತ್ತಿದ್ದ. ಮಳೆಗಲ್ಲ, ಬಿಸಿಲಿಗೆ! ತಾನು ಬೆವರುತ್ತ ಹೊರಗೆ, ಕೊಡೆ ಪೂರಾ ಆಕೆಯ ಮೇಲೆ.

"ನೋಡ್ರವಾ, ರಾಣೀ ಸಾಹೇಬರ ಸವಾರಿ ಹೊಂಟೈತಿ," ಎಂದು ಮೂಲೆಮನೆ ಅಜ್ಜಿ ಕೂಗಿದರೆ, "ಹೌದ್ರಿ ಆಯಿ, ಬಾಜೂಕ ಸರೀರಿ, ರಾಣಿಗೆ ಹಾದಿ ಬಿಡ್ರಿ," ಎಂದು ಆತ ನಗುತ್ತಿದ್ದ.

ನಾನು ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ನನ್ನವರು ಒಳ್ಳೆಯವರೇ. ಆದರೆ ಜೊತೆಗೆ ಹೊರಟರೆ ಅವರು ಮಾರು ದೂರ ಮುಂದೆ. ಹಿಂದೆ ನೋಡುವುದು ಓಣಿಯ ತಿರುವು ಬಂದಾಗ ಮಾತ್ರ. ಹೊಟ್ಟೆಕಿಚ್ಚು ದೊಡ್ಡ ಪಾಪವೆಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಅದನ್ನು ಆರಿಸುವುದು ಹೇಗೆಂದು ಕಲಿಸಿದ ನೆನಪಿಲ್ಲ.

ಒಂದು ಮಧ್ಯಾಹ್ನ ವೈನಿ ಬೆರಳ ಗಂಟುಗಳನ್ನು ಒತ್ತಿಕೊಳ್ಳುತ್ತ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು. ನೋವಿಗೆ ಹಿಟ್ಟು ನಾದಲಿಕ್ಕೂ ಆಗುವುದಿಲ್ಲ, ಗಂಡನೇ ನಾದಿಕೊಡುತ್ತಾನೆ ಎಂದಳು. ನನಗೆ ಕೇಳಿಸಿದ್ದು ಎರಡನೆಯ ಮಾತೊಂದೇ.

"ಡಾಕ್ಟರು ರಕ್ತಾ ತಪಾಸ ಮಾಡಿದರ್ರಿ ಅಕ್ಕಾರ. ಮೈಯಾಗಿನ ಕಾವಲುಗಾರರಿಗೆ ತಲಿ ಕೆಟ್ಟೈತಂತ. ಕಳ್ಳರನ್ನ ಹಿಡಿಯೂದು ಬಿಟ್ಟು ಮನಿ ಮಂದೀನ ಬಡ್ಯಾಕತ್ತಾರಂತ. ಗಲ್ಲದ ಕೆಂಪೂ ಅದರದ. ಬಿಸಲು ಬಿದ್ರ ಇನ್ನೂ ಹೆಚ್ಚಾಗತೈತಿ."

ಕೊಡೆ ಯಾಕೆಂದು ತಿಳಿಯಿತು. ಅಸೂಯೆ ಮಾತ್ರ ಅಲ್ಲಾಡಲಿಲ್ಲ.

ಜ್ವರ ಬಿಡದೆ ಮೈ ಇಳಿಯತೊಡಗಿದಾಗ ಬೇರೊಬ್ಬ ಡಾಕ್ಟರು ಇನ್ನೊಂದು ತಪಾಸಣೆ ಮಾಡಿಸಿದರು. ಎಚ್‌ಐವಿ. ಹಿಂದೆ ಕೂಸು ಉಳಿಯದ ಹೆರಿಗೆಯಲ್ಲಿ ಆಕೆಗೆ ಹಾಕಿದ್ದ ರಕ್ತದಿಂದ ಬಂದಿರಬೇಕು ಎಂದರಂತೆ. ಗಂಡನ ರಕ್ತದಲ್ಲಿ ಏನೂ ಇರಲಿಲ್ಲ.

"ಕಳ್ಳ ಖರೇನ ಒಳಗ ಅದಾನ್ರಿ ಅಕ್ಕಾರ. ಅವನ ಕಾಟಕ್ಕ ಕಾವಲುಗಾರರು ದಿಕ್ಕ ತಪ್ಪ್ಯಾರ," ಎಂದಳು ವೈನಿ, ಯಾರದೋ ಮನೆಯ ಸುದ್ದಿ ಹೇಳುವಂತೆ.

ಓಣಿಗೆ ಹೇಗೆ ಗೊತ್ತಾಯಿತೋ… ನಳದ ಬಳಿ ಆಕೆಯ ಕೊಡದಿಂದ ಉಳಿದ ಕೊಡಗಳು ದೂರ ಸರಿದವು. ವೈನಿಯ ಅತ್ತೆ ಊರಿಂದ ಬಂದರು. ನಡುವಿನ ಗೋಡೆ ತೆಳ್ಳಗಿತ್ತು. "ಅಕೀನ ಖಾನಾಪುರಕ್ಕ ಬಿಟ್ಟ ಬಾ. ನಿನಗ ಬ್ಯಾರೆ ಹೆಣ್ಣ ನೋಡತೇನಿ," ಎಂದು ಮಗನಿಗೆ ಹೇಳಿದ್ದು ನನಗೇ ಕೇಳಿಸಿತು. ಬಿಡುತ್ತಾನೋ, ಇಟ್ಟುಕೊಳ್ಳುತ್ತಾನೋ ಎಂದು ಇಡೀ ಓಣಿ ಕಾಯಿತು. ನಾನೂ ಕಾದೆ. ಇವನೂ ಎಲ್ಲ ಗಂಡಸರಂತೆಯೇ ಎಂದಾದರೆ ನನ್ನ ಸಂಸಾರ ನನಗೆ ಹಗುರವಾದೀತು ಅನ್ನಿಸುತ್ತಿತ್ತು…

ಒಂದು ಮುಂಜಾನೆ ವೈನಿಯ ಟ್ರಂಕು ಹೊರಗೆ ಬಂತು. ಇಬ್ಬರೂ ರಿಕ್ಷಾ ಹತ್ತಿದರು. ಬಿಟ್ಟು ಬರಲಿಕ್ಕೆ ಹೊರಟ ಎಂದುಕೊಂಡೆವು. ಆತ ತಿರುಗಿ ಬಂದದ್ದು ಕಾರ್ಖಾನೆಗೆ ಮಾತ್ರ. ಸಂಜೆಗೆ ಮತ್ತೆ ಖಾನಾಪುರದ ರೈಲು ಹತ್ತಿದ. ಹೆಂಡತಿಯ ತವರಲ್ಲೇ ಉಳಿದುಬಿಟ್ಟಿದ್ದ! ನಮ್ಮ ಕಡೆ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. "ಏನೋ, ಮನಿಅಳ್ಯಾ ಆದಿ?" ಎಂದು ಮಗ್ಗದವರು ಕೆಣಕಿದರೆ, "ಹೂಂ, ಊಟಾ ಚಲೋ ಹಾಕ್ತಾರ," ಎನ್ನುತ್ತಿದ್ದನಂತೆ.

ಮಳೆಗಾಲ ಕಳೆದ ಮೇಲೆ ನಾನು ಖಾನಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಆತ ವೈನಿಗೆ ಹೆಳಲು ಹಾಕುತ್ತಿದ್ದ. ಉಳಿದದ್ದೇ ಇಷ್ಟು ಕೂದಲು, ಅದರಲ್ಲೂ ಎಳೆಗಳನ್ನು ಸಮನಾಗಿ ಹಿಡಿಯಲು ಬಾರದು.

"ದಿನಾ ನೂಲಿನಾಗ ಇರಾಂವಗ ಒಂದ ಹೆಳಲ ಬರವಲ್ದು ನೋಡ್ರಿ," ಎಂದು ವೈನಿ ನಕ್ಕಳು. ಆತ ಚಹಾ ಮಾಡಲು ಒಳಗೆ ಹೋದ. ಆಕೆ ನನ್ನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದಳು: "ಹೊಟ್ಟಿಕಿಚ್ಚ ಆತೇನ್ರಿ ಅಕ್ಕಾರ?"

ಸುಳ್ಳು ಬಾಯಿಗೆ ಬರಲಿಲ್ಲ. "ಹೂಂ," ಎಂದೆ.

ಬತ್ತಿದ ಆ ಮುಖ ಅರಳಿತು. "ಬಂದವರೆಲ್ಲಾ ಅಯ್ಯೋ ಪಾಪ ಅಂತ ಹೋಗ್ತಾರ್ರಿ. ನನ್ನ ನೋಡಿ ಹೊಟ್ಟಿ ಉರಕೊಳ್ಳಾವ್ರು ನೀವೊಬ್ಬರ. ಆಗಾಗ ಬರ್ರಿ. ಚಲೋ ಅನಸ್ತೈತಿ."

ಇನ್ನೊಮ್ಮೆ ಹೋಗುವಷ್ಟರಲ್ಲಿ ಆಕೆ ಇರಲಿಲ್ಲ. ಈಗಿನ ಹಾಗೆ ಔಷಧ ಎಲ್ಲರ ಕೈಗೆ ಸಿಗುವ ಕಾಲವಲ್ಲ ಅದು…

ಮೊನ್ನೆ ಮದುವೆಯೊಂದರಲ್ಲಿ ಖಾನಾಪುರದವರೊಬ್ಬರು ಸಿಕ್ಕಿದ್ದರು. ಆತ ಇನ್ನೂ ಅದೇ ಮನೆಯಲ್ಲಿದ್ದಾನಂತೆ. ಹಾಸಿಗೆ ಹಿಡಿದ ವೈನಿಯ ತಾಯಿಗೆ ತಾನೇ ತುತ್ತು ಮಾಡಿ ಉಣಿಸುತ್ತಾನಂತೆ. ಕೇಳುತ್ತಿದ್ದಂತೆ ಹೊಟ್ಟೆಯಲ್ಲಿ ಮತ್ತೆ ಅದೇ ಉರಿ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಹೇಳಿದರೆ ಖುಷಿಪಡುತ್ತಿದ್ದವಳು ಆಕೆಯೊಬ್ಬಳೇ…