ಮೂವತ್ತು ಬಕೆಟ್, ಸಾವಿರದ ನೂರ ಹತ್ತು ಸೌಟು

ಶೆಟಗೇರಿಯ ಮಾಸ್ತಮ್ಮನಿಗೆ ಕಾಗದಪತ್ರ ಮುಚ್ಚಿಡುವ ಬುದ್ಧಿ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಪಕ್ಕದೂರಿನ ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದವಳು, ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಆಸ್ಪತ್ರೆಯ ಇಡೀ ಫೈಲನ್ನೇ ತಂದು ಮುಖ್ಯ ಶಿಕ್ಷಕಿ ಲತಾ ಅಕ್ಕೋರ ಮೇಜಿನ ಮೇಲಿಟ್ಟಳು. ಕದ್ದವರು ಮುಚ್ಚಿಡಬೇಕು, ಕಾಯಿಲೆ ಬಿದ್ದವರು ಯಾಕೆ ಮುಚ್ಚಿಡಬೇಕು ಎಂಬುದು ಅವಳ ವಾದ.

ಕಾಯಿಲೆ ಸಣ್ಣದೇನೂ ಆಗಿರಲಿಲ್ಲ. ಕುತ್ತಿಗೆಯ ಗಂಟನ್ನು ಕಾರವಾರದಲ್ಲಿ ತೋರಿಸಿದಾಗ ಥೈರಾಯ್ಡ್ ಕ್ಯಾನ್ಸರ್ ಎಂದರು. ಮಂಗಳೂರಿನಲ್ಲಿ ಗಂಟು ತೆಗೆದು, ಅಳಿದುಳಿದದ್ದು ಸುಟ್ಟುಹೋಗಲೆಂದು ವಿಕಿರಣ ಸೂಸುವ ಅಯೋಡಿನ್ ಕುಡಿಸಿದರು. ಮೂರು ವಾರ ಮಕ್ಕಳಿಂದ, ಬಸುರಿಯರಿಂದ ದೂರವಿರಿ, ಆಮೇಲೆ ಅಡಿಗೆ ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಮಾಸ್ತಮ್ಮ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಮೂರು ವಾರ ಕಳೆದು, ತನ್ನ ಸಮಾಧಾನಕ್ಕೆ ಇನ್ನೊಂದು ವಾರ ಸೇರಿಸಿ ಹೊರಗೆ ಬಂದಿದ್ದಳು.

ಫೈಲು ಶಾಲಾ ಸಮಿತಿಯ ಅಧ್ಯಕ್ಷ ಪ್ರದೀಪನ ಕೈಗೆ ಹೋಯಿತು. ಪ್ರದೀಪ ಕೆಟ್ಟವನಲ್ಲ, ಅರ್ಧ ಓದಿ ಪೂರ್ತಿ ಗಾಬರಿಯಾಗುವವನು ಅಷ್ಟೇ. ಡಾಕ್ಟರ ಮೊದಲ ಚೀಟಿಯಲ್ಲಿ ಔಷಧದ ಪ್ರಮಾಣ ಮೂವತ್ತು ಎಂದಿತ್ತು. ಕುಡಿಸಿದ ದಿನದ ಕಾಗದದಲ್ಲಿ ಸಾವಿರದ ನೂರ ಹತ್ತು ಎಂದಿತ್ತು. ಅಂಕಿಯ ಪಕ್ಕದ ಇಂಗ್ಲಿಷ್ ಅಕ್ಷರಗಳನ್ನು ಅವನು ಗಮನಿಸಲೇ ಇಲ್ಲ. ಸಂಜೆಯೊಳಗೆ ಎರಡೂ ಕಾಗದಗಳ ಫೋಟೋ ಪಾಲಕರ ವಾಟ್ಸಾಪಿನಲ್ಲಿ ಓಡಾಡಿತು.

ಮರುದಿನ ಪ್ರದೀಪ ಅವಳನ್ನು ಶಾಲೆಯ ಗೇಟಿನಲ್ಲೇ ನಿಲ್ಲಿಸಿದ.

"ಮೂವತ್ತೇ ಕೊಟ್ಟಿದ್ರೆ ಮೂರು ವಾರ ಸಾಕಾಗ್ತಿತ್ತು ಅಕ್ಕಾ. ಇದು ಸಾವಿರದ ಮೇಲೆ ಹೋಗ್ಯದೆ. ಒಂದು ವರ್ಷ ಮನೇಲೇ ಇರು. ಮಕ್ಕಳ ವಿಷಯ ನೋಡು."

ಮಕ್ಕಳ ವಿಷಯವಂತೆ. ಹದಿನಾರು ವರ್ಷ ಅವರ ಅಕ್ಕಿಯಲ್ಲಿ ಕಲ್ಲು ಹುಡುಕಿದ ಕಣ್ಣು ಯಾರದು? ಮಾಸ್ತಮ್ಮನಿಗೆ ಸಿಟ್ಟು ಬಂತು. ಅಳುವೂ ಬಂತು, ಆದರೆ ಅವನೆದುರು ಅಳುವ ಹೆಂಗಸಲ್ಲ ಅವಳು. ಒಂದು ವರ್ಷ ಮನೆಯಲ್ಲಿ ಕೂತರೆ ಆ ಒಲೆ ಇನ್ನೊಬ್ಬರದಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ಮನೆಗೆ ಹೋದವಳೇ ಆಸ್ಪತ್ರೆಗೆ ಫೋನು ಹಚ್ಚಿದಳು. ಆ ಕಡೆಯ ಹುಡುಗಿ ತಾಳ್ಮೆಯವಳು. "ಎರಡೂ ಒಂದೇ ಅಮ್ಮಾ. ಮೂವತ್ತು ಅಂದದ್ದು ಮಿಲಿಕ್ಯೂರಿ, ಹಳೇ ಅಳತೆ. ಸಾವಿರದ ನೂರ ಹತ್ತು ಅಂದದ್ದು ಮೆಗಾಬೆಕೆರೆಲ್, ಹೊಸ ಅಳತೆ. ಒಂದು ಮಿಲಿಕ್ಯೂರಿಗೆ ಮೂವತ್ತೇಳು ಮೆಗಾಬೆಕೆರೆಲ್."

ಮಾಸ್ತಮ್ಮ ಮೂರು ಸಲ ಹೇಳಿಸಿಕೊಂಡಳು. ಆ ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ, ಮೂವತ್ತೇಳು ಮಾತ್ರ ಉಳಿಯಿತು. ಅವಳಿಗೆ ಅಷ್ಟು ಸಾಕಾಗಿತ್ತು. ಮನೆಯ ಸ್ಟೀಲ್ ಬಕೆಟ್ಟಿಗೆ ಮೂವತ್ತೇಳು ಸೌಟು ನೀರು ಹೊಯ್ದು, ನೀರು ನಿಂತಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದಳು.

ಗುರುವಾರ ಹತ್ತು ಗಂಟೆಗೆ ಸಮಿತಿಯ ಸಭೆ. ಯಾರೂ ಕರೆಯದಿದ್ದರೂ ಬಕೆಟ್ಟು, ಸೌಟು ಹಿಡಿದು ಶಾಲೆಗೆ ಹೋದಳು. ಬಕೆಟ್ಟಿಗೆ ಗೆರೆಯವರೆಗೆ ನೀರು ತುಂಬಿ, ಪ್ರದೀಪನ ಕಾಲ ಬಳಿ ಇಟ್ಟು, ಪಕ್ಕದಲ್ಲಿ ಖಾಲಿ ಪಾತ್ರೆಯೊಂದನ್ನು ಇರಿಸಿ, ಸೌಟನ್ನು ಅವನ ಕೈಗೆ ಕೊಟ್ಟಳು.

"ಎಣಿಸ್ತಾ ಆ ಪಾತ್ರೆಗೆ ಹೊಯ್ಯಿ ತಮಾ."

"ಎಂತಕ್ಕೆ ಅಕ್ಕಾ?"

"ನನ್ನ ಕಾಗದ ಊರಿಗೆಲ್ಲಾ ತೋರ್ಸುಕೆ ಪುರುಸೊತ್ತಿತ್ತಲ್ಲಾ. ಇದಕ್ಕೂ ಮಾಡ್ಕೋ."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪ್ರದೀಪ ಮುಖ ಗಂಟಿಕ್ಕಿಕೊಂಡು ಎಣಿಸಿದ. ಮೂವತ್ತಾರಕ್ಕೆ ಬಕೆಟ್ಟಿನ ತಳ ಕಂಡಿತು. ಓರೆ ಮಾಡಿ ಬಸಿದಾಗ ಇನ್ನೊಂದು ಸೌಟು ಸಿಕ್ಕಿತು, ಒಟ್ಟು ಮೂವತ್ತೇಳು.

"ಈ ಬಕೆಟ್ಟು ಹಳೇ ಅಳತೆ, ನಿನ್ನ ಕೈಲಿದ್ದ ಸೌಟು ಹೊಸಾ ಅಳತೆ," ಎಂದಳು ಮಾಸ್ತಮ್ಮ. "ಡಾಕ್ಟರು ಮೂವತ್ತು ಬಕೆಟ್ ಅಂತ ಬರೆದ್ರು. ಕುಡಿಸಿದವರು ಅದನ್ನೇ ಸೌಟಲ್ಲಿ ಬರೆದ್ರು. ಅಕ್ಕೋರೇ, ಮೂವತ್ತು ಬಕೆಟ್ಟಿಗೆ ಎಷ್ಟು ಸೌಟು, ಬೋರ್ಡ್ ಮೇಲೆ ಮಾಡಿ ತೋರ್ಸಿ."

ಲತಾ ಅಕ್ಕೋರು ಗುಣಿಸಿದರು. ಸಾವಿರದ ನೂರ ಹತ್ತು. ಮೊಬೈಲಿನಲ್ಲೂ ಹುಡುಕಿ ನೋಡಿ, ಮಾಸ್ತಮ್ಮ ಹೇಳಿದ್ದೇ ಸರಿ ಎಂದರು.

ಪ್ರದೀಪ ಸೌಟನ್ನು ಕೆಳಗಿಟ್ಟ. "ಆಯ್ತು ಅಕ್ಕಾ. ಮೇಲಿನವರನ್ನ ಒಂದು ಮಾತು ಕೇಳಿ, ಮುಂದಿನ ತಿಂಗಳು..."

"ಮೂವತ್ತಾದ್ರೆ ಮೂರು ವಾರ ಸಾಕು ಅಂದವ ನೀನೇ. ನಾ ನಾಲ್ಕು ವಾರ ಕೂತು ಬಂದೆ. ಇನ್ನು ಯಾರನ್ನೂ ಕೇಳೂಕಿಲ್ಲ. ನಾ ಒಲೆ ಹಚ್ತೆ."

ಹೇಳಿದವಳೇ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡಿಗೆ ಕೋಣೆಗೆ ನಡೆದಳು. ಯಾರೂ ತಡೆಯಲಿಲ್ಲ.

ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬ ನಿಯಮ ಆ ಶಾಲೆಯಲ್ಲಿದೆ. ಅಂದಿನ ಸರದಿ ಪ್ರದೀಪನದೇ. ಹನ್ನೆರಡೂವರೆಗೆ ಮಾಸ್ತಮ್ಮ ಅವನ ಮುಂದೆ ತಟ್ಟೆ ಇಟ್ಟು, ಅನ್ನ ಹಾಕಿ, ಮೇಲೆ ಒಂದು ಸೌಟು ಸಾರು ಹೊಯ್ದಳು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಮಕ್ಕಳೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಆ ಸಾಲಿನಲ್ಲಿ ಅವನ ಮಗಳೂ ಇದ್ದಳು.

ಪ್ರದೀಪ ಮೊದಲ ತುತ್ತನ್ನು ಔಷಧ ನುಂಗುವವನಂತೆ ನುಂಗಿದ. ಎರಡನೆಯದನ್ನು ಅಗಿದ. ಆಮೇಲೆ ತಲೆ ಎತ್ತಲಿಲ್ಲ, ತಟ್ಟೆ ಖಾಲಿಯಾಯಿತು. ಪುಸ್ತಕದಲ್ಲಿ 'ರುಚಿಯಾಗಿದೆ' ಎಂದು ಬರೆದು ಸಹಿ ಹಾಕಿದ. ಮತ್ತೆ ಮೆಲ್ಲಗೆ ತಟ್ಟೆಯನ್ನು ಮುಂದೆ ತಳ್ಳಿದ.

"ಇನ್ನೊಂದು ಸೌಟು ಸಾರು ಹಾಕು ಅಕ್ಕಾ."

"ತಡಿ ತಮಾ," ಎಂದಳು ಮಾಸ್ತಮ್ಮ, ಸಾರಿನ ಬಕೆಟ್ ಎತ್ತಿಕೊಂಡು ಮಕ್ಕಳ ಕಡೆ ತಿರುಗಿ. "ಮೊದ್ಲು ಮಕ್ಕಳ ವಿಷಯ ನೋಡ್ತೆ."