ಪಾಲಾದ ಬೀಸುಕಲ್ಲು

ಗಿರಣಿಯ ಮುಂದೆ ಹಾಯ್ದರೆ ಬಿಸಿ ಹಿಟ್ಟಿನ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಇಷ್ಟು ವಯಸ್ಸಾದ ಮೇಲೂ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತವಳು ಒಮ್ಮೊಮ್ಮೆ ಹಲ್ಲು ಕಡಿಯುತ್ತೇನೆ. ಗಿರಣಿಯವನು ತಡ ಮಾಡಿದ್ದಕ್ಕೆ ಎಂದು ಪಕ್ಕದವರು ತಿಳಿಯುತ್ತಾರೆ. ಆ ಬಡಪಾಯಿಯ ಮೇಲೆ ನನಗೇನು ಸಿಟ್ಟು? ಸಿಟ್ಟು ನನ್ನ ಅಪ್ಪನ ಮೇಲೆ, ಅವನ ತಮ್ಮ, ನನ್ನ ಕಾಕಾನ ಮೇಲೆ. ಇಬ್ಬರೂ ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ಸತ್ತವರ ಮೇಲೆಂಥ ಹಗೆ ಎನ್ನುತ್ತೀರಿ. ನೀವೂ ಒಂದು ಮನೆಯನ್ನು ಕಳೆದುಕೊಂಡವರಾಗಿದ್ದರೆ ಪೂರ್ತಿ ಕೇಳಿ, ಆಮೇಲೆ ಹೇಳಿ.

ಇಂಡಿ ತಾಲೂಕಿನಲ್ಲಿ ಭೀಮಾ ನದಿಯ ದಂಡೆಗೆ ನಮ್ಮ ಮನೆ. ಹಿತ್ತಲ ಬಾಗಿಲು ತೆರೆದರೆ ಹಾಳು ಮಠ. ಸಾಲಿ ಮಾಸ್ತರರು ಅದನ್ನು ಕಾಳಾಮುಖ ಶೈವರ ಕಾಲದ್ದು ಎನ್ನುತ್ತಿದ್ದರು. ನಮಗೆ ಅದು ಬರೀ ಮಠ. ಮಾಡು ಬಿದ್ದು ಕರಿಕಲ್ಲಿನ ಕಂಬಗಳು ಸಾಲಾಗಿ ನಿಂತಿದ್ದವು. ಸನ್ಯಾಸಿಗಳಿದ್ದ ಸಣ್ಣ ಸಣ್ಣ ಕೋಣೆಗಳಲ್ಲಿ ಬಾವಲಿಗಳ ನಾತ, ಹೊಳೆ ಏರಿ ಇಳಿದಾಗ ಬಿಟ್ಟುಹೋದ ಕೆಸರು. ಸುಡುಬೇಸಿಗೆಯಲ್ಲೂ ಆ ಕಂಬಗಳಿಗೆ ಬೆನ್ನು ಹಚ್ಚಿ ಕೂತರೆ ಮೈ ತಣ್ಣಗಾಗುತ್ತಿತ್ತು. ಮಠದ ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಎರಡು ಚಪ್ಪಡಿ ಬೀಳದೆ ಉಳಿದಿದ್ದವು. ಅವುಗಳ ಕೆಳಗೆ ಬಂಡಿಗಾಲಿಯಷ್ಟು ಅಗಲದ ಬೀಸುಕಲ್ಲು. ನೂರಾರು ಜನಕ್ಕೆ ಹಿಟ್ಟು ಮಾಡಲೆಂದು ಕಡೆದ ಕಲ್ಲು ಅದು, ಒಬ್ಬಳಿಂದ ತಿರುಗುತ್ತಿರಲಿಲ್ಲ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯಬೇಕು. ಶ್ರಾವಣದ ಕಡೆಯ ಸೋಮವಾರ ನಮ್ಮ ಮನೆಯ ಸೊಸೆಯಂದಿರು ಅದರಲ್ಲಿ ಜೋಳ ಬೀಸಿ, ರೊಟ್ಟಿ ಬಡಿದು, ಮಠಕ್ಕೆ ಬಂದ ಕುರುಬರಿಗೆ, ಅಂಬಿಗರಿಗೆ, ದಾರಿಹೋಕರಿಗೆ ಬಡಿಸುವುದು ನಡೆದುಬಂದ ರೂಢಿ. ಮಠದಲ್ಲಿ ಸ್ವಾಮಿಗಳಿಲ್ಲದೆ ಎಷ್ಟು ತಲೆಮಾರಾಗಿತ್ತೋ, ರೊಟ್ಟಿ ಮಾತ್ರ ತಪ್ಪಿರಲಿಲ್ಲ.

ಬೀಸುವವರು ನನ್ನ ಅವ್ವ ಮತ್ತು ಕಾಕಾನ ಹೆಂಡತಿ ನೀಲವ್ವ ಕಾಕಿ. ಕಾಕಿಗೆ ಮಕ್ಕಳಿರಲಿಲ್ಲ. ಅದಕ್ಕೇ ಆಕೆಯನ್ನು ಯಾರೂ ಯಾವುದಕ್ಕೂ ಮುಂದೆ ಕರೆಯುತ್ತಿರಲಿಲ್ಲ. ಬೇರೆಯವರಿಗೆ ಉಡಿ ತುಂಬುವಾಗ, ತೊಟ್ಟಿಲು ಕಟ್ಟುವಾಗ ಆಕೆ ತಾನಾಗಿಯೇ ಒಲೆಯ ಕಡೆ ಸರಿದುಬಿಡುತ್ತಿದ್ದಳು. ಆ ಒಂದು ದಿನ ಮಾತ್ರ ಆಕೆಯೂ ಅವ್ವನಷ್ಟೇ ಮನೆಯ ಸೊಸೆ. ಆಕೆ ಕೂಡದಿದ್ದರೆ ಕಲ್ಲು ತಿರುಗುವುದೇ ಇಲ್ಲವಲ್ಲ! ವಾರ ಮೊದಲೇ ಜೋಳ ಹಸನು ಮಾಡಲು ಕೂರುತ್ತಿದ್ದಳು. ಬೀಸುವ ರಾಗಕ್ಕೆ ಸ್ವಂತ ಸಾಲು ಕಟ್ಟುವುದರಲ್ಲಿ ಆಕೆಯನ್ನು ಬಿಟ್ಟರಿಲ್ಲ. ಅಪ್ಪನ ಮೀಸೆ, ಕಾಕಾನ ಗೊರಕೆ, ಅಂಬಿಗನ ಹೆಂಡತಿಯ ನಡಿಗೆ, ಎಲ್ಲವೂ ಅದರೊಳಗೆ ಬರುತ್ತಿದ್ದವು. "ಸಾಕ ಮಾಡ ನೀಲವ್ವಾ, ನಕ್ಕ ನಕ್ಕ ನನ್ನ ಕೈ ಸೋತಾವು," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಅವ್ವ ಅಷ್ಟು ನಕ್ಕದ್ದನ್ನು ನಾನು ಬೇರೆಲ್ಲಿಯೂ ಕಾಣಲಿಲ್ಲ.

ಆಯಿ, ಅಂದರೆ ಅಪ್ಪನ ತಾಯಿ, ತೀರಿಕೊಂಡ ವರ್ಷವೇ ಅಣ್ಣತಮ್ಮಂದಿರು ಬೇರೆಯಾದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು, ನನಗಾಗ ಒಂಬತ್ತು. ಜಗಳ ಯಾತಕ್ಕೆ ಶುರುವಾಯಿತೆಂದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಊರ ಹಿರಿಯರು ಅಂಗಳದಲ್ಲಿ ಕೂತು ಹೊಲ, ಎತ್ತು, ಹಂಡೆ ಎಲ್ಲ ಪಾಲು ಮಾಡಿದರು. ಕಟ್ಟಕಡೆಗೆ ಕಾಕಾ ಬೀಸುಕಲ್ಲಿನ ಮಾತೆತ್ತಿದ. ಮಠದ ಕಲ್ಲು ಇವರಪ್ಪನ ಗಂಟೇ? ಆದರೂ ಎತ್ತಿದ. ಅಪ್ಪ ಸುಮ್ಮನಿದ್ದಾನೆಯೇ? "ಸಮಾ ಅಂದ್ರ ಸಮಾ. ಮ್ಯಾಲಿನ ಕಲ್ಲ ನನಗ, ಕೆಳಗಿಂದು ಅವಗ," ಎಂದ. ಹಿರಿಯರೊಬ್ಬರು ಹಣೆ ಬಡಿದುಕೊಂಡು, "ಅಯ್ಯ ಹುಚ್ಚಪ್ಪಗಳಿರಾ, ಅರ್ಧಾ ಕಲ್ಲ ತಗೊಂಡು ಮಣ್ಣ ತಿಂತೀರೇನು?" ಎಂದರು. ಕೇಳುವವರು ಯಾರು? ಹಾರೆ ಹಾಕಿ ಎಬ್ಬಿಸಿ, ಮೇಲಿನ ಕಲ್ಲನ್ನು ನಾಲ್ಕಾಳು ನಮ್ಮ ಪಡಸಾಲೆಗೆ ಹೊತ್ತರು, ಕೆಳಗಿನದನ್ನು ಕಾಕಾನ ಅಂಗಳಕ್ಕೆ ಉರುಳಿಸಿದರು. ಅವತ್ತಿನಿಂದ ಹೆಂಗಸರೂ ಒಬ್ಬರನ್ನೊಬ್ಬರು ಮಾತಾಡಿಸಕೂಡದು ಎಂದು ಇಬ್ಬರು ಗಂಡಸರೂ ಕಟ್ಟಪ್ಪಣೆ ಮಾಡಿದರು. ಅವರಿಬ್ಬರಿಗೆ ಒಮ್ಮತವಾದದ್ದು ಇದೊಂದರಲ್ಲೇ.

ಶ್ರಾವಣ ಬಂತು. ಒಂದು ದಿನದ ಮಟ್ಟಿಗೆ ಕಲ್ಲು ಕೊಡೋಣವೆಂದು ಅವ್ವ ಕೇಳಿದಳು. "ಅವ ಬಂದು ಕೇಳ್ಲಿ," ಎಂದ ಅಪ್ಪ. ಆ ಕಡೆ ಕಾಕಾನೂ ಅದನ್ನೇ ಅಂದನಂತೆ. ಹೊಸದಾಗಿ ಗಿರಣಿ ಬಂದಿತ್ತು, ಊರೆಲ್ಲ ಪುಕಪುಕ ಸದ್ದು. ಅಲ್ಲಿ ಬೀಸಿಕೊಂಡು ಬಾ, ಹಿಟ್ಟು ಹಿಟ್ಟೇ ಅಲ್ಲವೇ, ಎಂದು ಅಪ್ಪ ದೊಡ್ಡ ಜಾಣನಂತೆ ಅವ್ವನಿಗೆ ಬುದ್ಧಿ ಹೇಳಿದ.

ಸೋಮವಾರಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ, ನೀಲವ್ವ ಕಾಕಿ ನಮ್ಮ ಬಾಗಿಲಿಗೆ ಬಂದಳು. ಭಾವನ ಎದುರು ಎಂದೂ ನಿಲ್ಲದ ಹೆಂಗಸು, ತಲೆ ತುಂಬ ಸೆರಗು ಹೊದ್ದು, ಹಸನಾದ ಜೋಳ ಮೊರದಲ್ಲಿ ಹಿಡಿದುಕೊಂಡು ನಿಂತಿದ್ದಳು. ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. "ಭಾವಾರ, ಒಂದ ದಿನದ ಮಾತ್ರಿ. ನಮ್ಮನ್ಯಾಗಿನವರನ್ನ ನಾ ಒಪ್ಪಿಸೇನ್ರಿ. ಬೀಸಿ ತಿರುಗಿ ಕೊಡ್ತೇವ್ರಿ," ಎಂದಳು. ಅಪ್ಪ ಆಕೆಯ ಕಡೆ ನೋಡಲಿಲ್ಲ. ಕಟ್ಟೆಯ ಮೇಲಿನವರಿಗೆ ಹೇಳಿದ: "ಮಕ್ಕಳಿಲ್ಲದ ಕೈಯಾಗಿನ ಹಿಟ್ಟ ಮಠಕ್ಕ ಬ್ಯಾಡ ಅಂತ ಹೇಳ್ರಿ ಆಕಿಗೆ."

ಒಳಬಾಗಿಲಲ್ಲಿ ಅವ್ವ ನನ್ನ ಹೆರಳು ಹಾಕುತ್ತಿದ್ದಳು. ಕಾಕಿ ಅಪ್ಪನನ್ನು ದಾಟಿ ಅವ್ವನನ್ನು ನೋಡಿದಳು. "ಅಕ್ಕಾ, ನೀನರ ಹೇಳ," ಎಂದಳು. ಅವ್ವನ ಬೆರಳುಗಳು ಹೆರಳು ಹಾಕುವುದನ್ನು ನಿಲ್ಲಿಸಲಿಲ್ಲ; ಕೂದಲ ಬುಡ ಕಿತ್ತುಬರುವಷ್ಟು ಬಿಗಿಯಾಗಿ ಹೆಣೆದು, ರಿಬ್ಬನ್ನು ಕಟ್ಟಿ, ನನ್ನನ್ನು ಎಬ್ಬಿಸಿ ಒಳಗೆ ನಡೆದಳು. ನಾನೂ ಕಾಕಿಯನ್ನು ಕರೆಯಲಿಲ್ಲ. ಮರುದಿನವೇ ಕಾಕಿ ಸಿಂದಗಿ ಕಡೆಯ ತನ್ನ ತವರಿಗೆ ಬಸ್ಸು ಹತ್ತಿದಳು. "ಹೋದಾಕಿ ತಾನ ಬರ್ತಾಳ," ಎಂದ ಕಾಕಾ, ಕರೆಯಲು ಹೋಗಲಿಲ್ಲ.

ಸೋಮವಾರ ಅವ್ವ ಗಿರಣಿ ಹಿಟ್ಟಿನ ರೊಟ್ಟಿ ಬುಟ್ಟಿ ಹೊತ್ತು ಮಠಕ್ಕೆ ಹೋದಳು. ಕಂಬಗಳ ನಡುವೆ ಜನ ಕೂತಿದ್ದರು. "ಸಣ್ಣ ಸೊಸಿ ಎಲ್ಲಿ ಯವ್ವಾ?" ಎಂದು ಮುದುಕ ಕುರುಬನೊಬ್ಬ ಕೇಳಿದ. ಅವ್ವ ಬುಟ್ಟಿಯನ್ನು ಅಲ್ಲೇ ಇಟ್ಟು ತಿರುಗಿ ಬಂದಳು. ಮುಂದಿನ ವರ್ಷ ಆ ದಿನ ಮಠದ ಕಡೆ ಯಾರೂ ಬರಲಿಲ್ಲ. ಈಗ ಅಲ್ಲಿ ನಮ್ಮ ಮನೆಯೂ ಇಲ್ಲ, ಕಾಕಾನದೂ ಇಲ್ಲ, ಜಾಲಿ ಬೆಳೆದಿದೆ. ಮಠದ ಕಂಬಗಳಲ್ಲೂ ಅರ್ಧ ಹೊಳೆಗೆ ಬಿದ್ದಿವೆ.

ಏಳು ವರ್ಷದ ಮೇಲೆ ಕಾಕಿ ತವರಲ್ಲೇ ಮೈ ಹಳದಿಗಟ್ಟಿ ಕಾಮಣಿಯಾಗಿ ಸತ್ತಳೆಂದು ಸುದ್ದಿ ಬಂತು. ಹೋಗಬೇಡ ಎಂದ ಅಪ್ಪ. ಅವ್ವ ಜೀವನದಲ್ಲಿ ಮೊದಲ ಸಲ ಅವನ ಮಾತು ಮೀರಿ, ಕಾಕಿಗೆ ಕೊನೆಯ ಉಡಿ ತುಂಬಲೆಂದು ಹಸಿರು ರವಿಕೆ ಖಣವೊಂದನ್ನು ಚೀಲದಲ್ಲಿಟ್ಟುಕೊಂಡು, ನನ್ನನ್ನು ಕರೆದುಕೊಂಡು ಹೊರಟಳು. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಗಂಡಸರು ಇನ್ನೂ ಮಣ್ಣು ಮಾಡಿದ ಹೊಲದಿಂದ ಬಂದಿರಲಿಲ್ಲ. ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಹುಡುಗಿಯೊಬ್ಬಳು ನೀರಿನ ತಂಬಿಗೆ ತಂದಿಟ್ಟು, "ನೀವು ನೀಲವ್ವ ಅತ್ತಿಯವರಿಗೆ ಏನಾಗ್ಬೇಕ್ರಿ?" ಎಂದು ಕೇಳಿದಳು.

"ನೆಗೆಣ್ಣಿ. ನಾವಿಬ್ರೂ ಒಂದ ಮನಿ ಸೊಸ್ತ್ಯಾರು," ಎಂದು ಅವ್ವ ಚೀಲಕ್ಕೆ ಕೈ ಹಾಕಿದಳು.

ಹುಡುಗಿ ಪಾಪ, ತಿಳಿಯದೆ ಅಂದಳು: "ಅತ್ತಿಯವರಿಗೆ ನೆಗೆಣ್ಣಿ ಇರಲಿಲ್ಲಲ್ರಿ. ಆ ಮನ್ಯಾಗ ನಾ ಒಬ್ಬಾಕೀನ ಸೊಸಿ ಇದ್ದೆ ಅಂತ ಹೇಳ್ತಿದ್ರು."

ಅವ್ವ ಅರ್ಧ ತೆಗೆದಿದ್ದ ಖಣವನ್ನು ಮತ್ತೆ ಒಳಗೆ ತುರುಕಿದಳು. ತಂಬಿಗೆಯ ನೀರನ್ನು ಪೂರ್ತಿ ಕುಡಿದಳು. "ಆಕಿ ಹೇಳಿದ್ದು ಖರೆ ಐತಿ ತಂಗಿ," ಎಂದು ಎದ್ದಳು. ನಾವು ಬಂದ ಬಸ್ಸಿಗೇ ತಿರುಗಿ ಹೊರಟೆವು.