ಗುಡ್ರುನ್ ಓದಿದ ಪ್ರಶ್ನೆ

ಗುಡ್ರುನ್ ಹೋಲ್ಟ್‌ಕಾಂಪ್ ನಮ್ಮ ಪಕ್ಕದ ಮನೆಗೆ ಬಂದ ಮೊದಲ ದಿನವೇ ನಾನು ಅವಳಿಂದ ಬೈಸಿಕೊಂಡೆ. ಟೆಲಿಫೋನಿನಲ್ಲಿ ಜನಾಭಿಪ್ರಾಯ ಕೇಳುವುದು ಅವಳ ಕೆಲಸ. ನಾನು ಬೇಲಿಯ ಈಚೆ ಗುಲಾಬಿ ಗಿಡದ ಕೊಂಬೆ ಸವರುತ್ತಿದ್ದಾಗ ತೆರೆದ ಕಿಟಕಿಯಿಂದ ಅವಳ ದನಿ ಕೇಳಿಸಿತು: “ಅಮೆರಿಕವನ್ನ ನಂಬಬಹುದು ಅನ್ನಿಸುತ್ತಾ, ನಂಬಬಾರದು ಅನ್ನಿಸುತ್ತಾ, ಗೊತ್ತಿಲ್ಲವಾ?”

“ಸ್ವಲ್ಪ ಮಟ್ಟಿಗೆ!” ಎಂದು ನಾನು ಅಲ್ಲಿಂದಲೇ ಕೂಗಿದೆ.

ಕರೆ ಮುಗಿಸಿ ಅವಳು ತಲೆ ಹೊರಹಾಕಿದಳು. “ಮೇಷ್ಟ್ರಾಗಿದ್ರಂತಲ್ಲ ನೀವು? ತರಗತೀಲಿ ಪಕ್ಕದವನಿಗೆ ಉತ್ತರ ಹೇಳಿಕೊಡೋರನ್ನ ಏನ್ಮಾಡ್ತಿದ್ರಿ?”

“ಹೊರಗೆ ನಿಲ್ಲಿಸ್ತಿದ್ದೆ.”

“ಹೊರಗೇ ಇದ್ದೀರಲ್ಲ, ಬಾಯಿ ಮುಚ್ಚಿಕೊಂಡಿರಿ,” ಎಂದು ನಗುತ್ತಾ ಕಿಟಕಿ ಮುಚ್ಚಿದಳು.

ಅಮೆರಿಕದವರು ಬೇಕೆಂಬ ಅವಳ ಸ್ವಂತ ಅಭಿಪ್ರಾಯವಂತೂ ಬರಬರುತ್ತಾ ಊರಿಗೆಲ್ಲ ತಿಳಿಯಿತು. ಜರ್ಮನಿಯ ವೆಸರ್ ನದಿಯ ದಂಡೆಯ ನಮ್ಮೂರಿಗೂ ಅಮೆರಿಕದ ಒಹಾಯೊದಲ್ಲಿರುವ ಒಂದು ಪುಟ್ಟ ಊರಿಗೂ ಬಹುಕಾಲದ ನಂಟು. ವರ್ಷ ಬಿಟ್ಟು ವರ್ಷ ಬೇಸಗೆಯಲ್ಲಿ ಅಲ್ಲಿಯವರು ತಂಡವಾಗಿ ಬಂದು ನಮ್ಮ ಮನೆಗಳಲ್ಲಿ ಉಳಿಯುತ್ತಿದ್ದರು. ಅವರಲ್ಲಿ ಡಾರ್ಲೀನ್ ಎಂಬಾಕೆ ಗುಡ್ರುನಳ ಜೀವದ ಗೆಳತಿಯಾದಳು. ಡಾರ್ಲೀನಳ ಕಣ್ಣು ಈಗ ಮಂಜಾಗಿದೆ. ತಂಡ ಬಾರದಿದ್ದರೆ ಅವಳೊಬ್ಬಳೇ ಬರಲಾರಳು.

ಹೋದ ಚಳಿಗಾಲ ಪತ್ರಿಕೆಗಳ ತುಂಬ ಅಮೆರಿಕದೊಂದಿಗಿನ ಸುಂಕದ ಜಗಳ, ಸೇನೆಯ ಜಗಳ. ಊರಿನ ನಂಟನ್ನೂ ಮುರಿಯಬೇಕೆಂಬ ಕೂಗೆದ್ದಿತು. ಕೈ ಎತ್ತಿಸಿ ತೀರ್ಮಾನಿಸಲು ಮೇಯರು ಊರವರ ಸಭೆ ಕರೆದರು. ಆದರೆ ಪ್ರಶ್ನೆಯನ್ನು ಯಾರು ಓದಿದರೂ, ಬೇಕೆಂದೇ ಒಂದು ಕಡೆ ಒತ್ತಿ ಓದಿದರೆಂದು ಎದುರು ಪಕ್ಷದ ಗದ್ದಲ.

“ಗುಡ್ರುನ್ ಓದಲಿ. ಅವಳ ಕಸುಬೇ ಅದಲ್ವಾ?” ಎಂದರು ಮೇಯರು.

“ಅವಳಾ? ಅವಳು ಗೆಳತಿಯನ್ನ ನೆನೆದು ಓದಿದ್ರೆ ಅರ್ಧ ಊರು ಅತ್ತುಬಿಡುತ್ತೆ!” ಎಂದ ನಲ್ಲಿ ರಿಪೇರಿಯ ಡೀಟ್‌ಮಾರ್.

ಅವಳು ಎದ್ದು ನಿಂತು ಓದಿದಳು: “ಈ ನಂಟು ಮುಂದುವರಿಯಬೇಕೇ, ನಿಲ್ಲಬೇಕೇ?” ಎರಡಕ್ಕೂ ಒಂದೇ ತೂಕ, ಒಂದೇ ದನಿ.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, “ನಿಂಗೇನು ಬೇಕು ಹೇಳಮ್ಮಾ, ನಾವೆಲ್ಲ ಹಾಗೇ ಕೈ ಎತ್ತುತೀವಿ,” ಎಂದರು. ಸುತ್ತಲಿನ ಹಲವರು ತಲೆಯಾಡಿಸಿದರು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಪ್ರಶ್ನೆ ಇನ್ನೊಂದ್ಸಲ ಓದ್ಲಾ, ಅಜ್ಜಿ?” ಎಂದಳು ಗುಡ್ರುನ್. ಹಾಗೆಯೇ ಓದಿದಳು. ಎಲ್ಲರ ಕೈ ಎಣಿಸಿ ಮುಗಿದ ಮೇಲೆ ಕಡೆಯದಾಗಿ, ನಂಟು ಮುಂದುವರಿಯಲೆಂದು ತನ್ನ ಕೈ ಎತ್ತಿದಳು. ಕೆಲವೇ ಕೈಗಳ ಅಂತರದಲ್ಲಿ ನಂಟು ಮುರಿಯಿತು.

ನಿಷ್ಪಕ್ಷಪಾತವೆಂಬ ಪದದ ಅರ್ಥವನ್ನು ಎಷ್ಟೋ ಮಕ್ಕಳಿಗೆ ಬರೆಯಿಸಿದವನು ನಾನು. ಅದು ಕಾಲೂರಿ ನಿಂತದ್ದನ್ನು ಅಂದೇ ಕಂಡದ್ದು.

ಹೊರಬಾಗಿಲಲ್ಲಿ ಡೀಟ್‌ಮಾರ್ ಅವಳನ್ನು ತಡೆದ. “ಒಂದು ಮಾತು ಹೇಳಿದ್ರೆ ನೀನೇ ಗೆಲ್ತಿದ್ದೆ, ಮಾರಾಯ್ತಿ!”

“ಕೆಲಸದ ಹೊತ್ತಲ್ಲಿ ಹೇಳಲ್ಲ. ಈಗ ಕೆಲಸ ಮುಗೀತು, ಕೇಳು. ನಿಮ್ಮನೆ ಮಹಡಿ ಕೋಣೆ ಬೇಸಗೇಲಿ ಖಾಲಿ ತಾನೆ?”

“ಅಮೆರಿಕವನ್ನ ನಾನು ನಂಬಲ್ಲ ಅಂತ ತಾನೇ ಕೈ ಎತ್ತಿದ್ದು!”

“ಅಮೆರಿಕ ಬರಲ್ಲ ಕಣೋ. ಗಂಡ ಹೆಂಡತಿ ಇಬ್ಬರು ಮುದುಕರು ಬರ್ತಾರೆ.”

ಅವನು ಗೊಣಗಿದನೇ ಹೊರತು ಇಲ್ಲವೆನ್ನಲಿಲ್ಲ. ಮೊನ್ನೆ ಅವನ ಮಹಡಿಯ ಕಿಟಕಿಯಲ್ಲಿ ಹಕ್ಕಿಗರಿ ತುಂಬಿದ ರಜಾಯಿ ಬಿಸಿಲಿಗೆ ಜೋತಾಡುತ್ತಿತ್ತು. ಊರಿನ ನಂಟಿಲ್ಲದಿದ್ದರೂ ಅವಳು ತಾನೇ ಕರೆಸಬೇಕೆಂದಿರುವ ತಂಡಕ್ಕೆಲ್ಲ ಸಾಲುವಷ್ಟು ಹಾಸಿಗೆ ಇನ್ನೂ ಒದಗಿಲ್ಲ. ಈಗ ದಿನವೂ ಕರೆಗಳನ್ನು ಮುಗಿಸಿದ ಮೇಲೆ ಗುಡ್ರುನ್ ಊರಿನ ಮನೆಮನೆಯ ಮೆಟ್ಟಿಲು ಹತ್ತುತ್ತಾಳೆ. ತನಗೇನು ಬೇಕೆಂಬುದನ್ನು ಮೊದಲು ಹೇಳಿ, ಆಮೇಲೆ ಕೇಳುತ್ತಾಳೆ.